ಹೆಸರು ಹೇಳಬಾರದ ಭಾವ

ತಬಿಯ ಗ್ರಹಚಾರ ಶುರುವಾದದ್ದು ಬೆಳಿಗ್ಗೆ ಆರು ಗಂಟೆಗೆ, ಅರ್ಧ ನಿಮಿಷದ ಒಂದು ಫೋನ್ ಕರೆಯಿಂದ. ಆಗ ಅವನು ತಾನ್ನಾ ದ್ವೀಪದ ಅತಿಥಿಗೃಹದ ಜಗಲಿಯಲ್ಲಿ ಹಲ್ಲುಜ್ಜುತ್ತಿದ್ದ. ವಿಲಾ ಪೇಟೆಯ ಕೊಬ್ಬರಿ ಎಣ್ಣೆ ಕಾರ್ಖಾನೆಗೆ ರಜೆ. ಕಚೇರಿಯವರು ಮೂರು ಜನ ಸೇರಿ, ಕಾಡು ಸುತ್ತಿಸಿ ಬೆಂಕಿಬೆಟ್ಟ ತೋರಿಸುವ ಒಂದು ದಿನದ ಪ್ರವಾಸಕ್ಕೆಂದು ಬಂದಿದ್ದರು.

"ನಮ್ಮಣ್ಣ ಇವತ್ತು ನಿನ್ನ ಜೊತೆಗೇ ಬೆಟ್ಟಕ್ಕೆ ಬರ್ತಾನಂತೆ, ನೀನು ಹೋಗೋ ಪ್ರವಾಸದಲ್ಲೇ. ಜೋಪಾನ!" ಎಂದಳು ಅಂಬ್ರಿಮ್ ದ್ವೀಪದಿಂದ ಮೆರೆಲಿನ್. ತಬಿ ಮದುವೆಯಾಗಬೇಕಾದ ಹುಡುಗಿ.

ತಬಿ ಬಾಯಲ್ಲಿದ್ದ ನೊರೆಯನ್ನು ನುಂಗಿಬಿಟ್ಟ. "ದೊಡ್ಡಣ್ಣನಾ? ಅವರ ಹೆಸರೇನು?"

"ಅಯ್ಯೋ, ನಾನು ಅಣ್ಣನ ಹೆಸರು ಹೇಳೋದಾ? ಬುದ್ಧಿ ನೆಟ್ಟಗಿದೆಯಾ ನಿನಗೆ?"

"ಹೋಗಲಿ, ನೋಡೋಕೆ ಹೇಗಿದಾರೆ ಅದನ್ನಾದ್ರೂ ಹೇಳೇ!"

"ನೋಡೋಕೆ..." ಎಂದಳು, ಅಷ್ಟಕ್ಕೇ ಕರೆ ಕಡಿದುಹೋಯಿತು. ಮೆರೆಲಿನ್ ಊರಲ್ಲಿ ಸಿಗ್ನಲ್ ಸಿಗುವುದು ಗುಡ್ಡದ ಮೇಲೆ ಒಂದೇ ಒಂದು ಕಲ್ಲಿನ ಹತ್ತಿರ. ಅಲ್ಲಿಗೆ ಮಾತಾಡಲು ಬಂದವರ ಸಾಲು ಹಿಂದಿನಿಂದ ತಳ್ಳುತ್ತಲೇ ಇರುತ್ತದೆ. ತಬಿ ಏಳು ಸಲ ತಿರುಗಿ ಮಾಡಿದ. ಏನೂ ಪ್ರಯೋಜನವಾಗಲಿಲ್ಲ.

ಅಂಬ್ರಿಮ್‌ನಲ್ಲಿ ತಂಗಿ ಅಣ್ಣನ ಹೆಸರು ಹೇಳುವುದಿಲ್ಲ. ತಂಗಿಯ ಗಂಡನಾಗುವವನಂತೂ ಹೇಳಲೇಬಾರದು. ಭಾವನ ತಲೆಗಿಂತ ಎತ್ತರದಲ್ಲಿ ನಿಲ್ಲಬಾರದು, ಅವನ ಎದುರು ಕೂತು ಉಣ್ಣಬಾರದು, ತಮಾಷೆ ಮಾಡಬಾರದು, ಅವನ ಮೈ ಮುಟ್ಟಬಾರದು. ಮಾತಾಡಲೇಬೇಕೆಂದರೆ ನಡುವೆ ಇನ್ನೊಬ್ಬರನ್ನು ಇಟ್ಟುಕೊಂಡು ಆಡಬೇಕು. ಭಾವನೂ ಅಷ್ಟೇ, ತಂಗಿಯ ಗಂಡನ ಹೆಸರು ಹೇಳುವುದಿಲ್ಲ, ಅವನ ಜೊತೆ ನೇರ ಮಾತಾಡುವುದಿಲ್ಲ. ಪೇಟೆಯಲ್ಲಿ ಬೆಳೆದ ತಬಿಗೆ ಇದನ್ನೆಲ್ಲ ಸೋದರಮಾವ ಮೂರು ಸಂಜೆ ಕೂರಿಸಿಕೊಂಡು ಬಾಯಿಪಾಠ ಮಾಡಿಸಿದ್ದ. ಮದುವೆ ಈಗಾಗಲೇ ಎರಡು ಸಲ ಮುಂದೆ ಹೋಗಿತ್ತು, ಒಮ್ಮೆ ಚಂಡಮಾರುತ ಬಂದು, ಇನ್ನೊಮ್ಮೆ ಊರ ಮುಖ್ಯಸ್ಥ ತೀರಿಕೊಂಡು. ಈಗ ಬರುವ ಶನಿವಾರ ನಿಶ್ಚಯವಾಗಿತ್ತು. ಹತ್ತು ವರ್ಷದಿಂದ ಊರು ಬಿಟ್ಟು ಯಾವುದೋ ದ್ವೀಪದಲ್ಲಿ ದುಡಿಯುತ್ತಿದ್ದ ದೊಡ್ಡಣ್ಣ ಅವತ್ತು ಬಂದು, ಗಂಡಿನ ಕಡೆಯವರು ಕೊಡುವ ಚಾಪೆ, ಹಂದಿಗಳನ್ನು ಮುಟ್ಟಿ 'ಆಗಲಿ' ಅಂದರೆ ಮದುವೆ. ಅವನು ಮುಖ ತಿರುಗಿಸಿದರೆ ಇಲ್ಲ.

"ಅದಕ್ಯಾಕೋ ಅಳ್ತೀಯ, ನಾನಿದೀನಲ್ಲ," ಎಂದಳು ಲೈಮಾಸಕ್ಕ. ಕಚೇರಿಯ ಹಿರಿಯ ಗುಮಾಸ್ತೆ. ತನಗೆ ಸಂಬಂಧವಿಲ್ಲದ ವಿಷಯವೆಂದರೆ ಆಕೆಗೆ ಊಟಕ್ಕಿಂತ ಹೆಚ್ಚು. "ಅಂಬ್ರಿಮ್‌ನೋರನ್ನ ನಾನು ನೂರು ಮಾರು ದೂರದಿಂದ ಗುರುತು ಹಿಡೀತೀನಿ. ನೀನು ಸುಮ್ನೆ ಟ್ರಕ್ ಹತ್ತು."

ಟ್ರಕ್ ಓಡಿಸುವವನೂ ದಾರಿ ತೋರಿಸುವವನೂ ಒಬ್ಬನೇ, ಸ್ಯಾಮ್ಸನ್ ಎಂಬ ಗಟ್ಟಿಮುಟ್ಟು ಆಳು. ದಾರಿಯಲ್ಲಿ ಹೋಗುವವರ ಜೊತೆಗೆಲ್ಲ ತಾನ್ನಾ ಭಾಷೆಯಲ್ಲಿ ಕೂಗಾಡುತ್ತ, ನಗುತ್ತ, ಅವನು ಪಟ್ಟಿ ಓದಿದ. "ಲೈಮಾಸ್! ಕಾಲ್ಸೌ! ಕಾಲೋ! ಕಾಲೋ ಯಾರು?"

ಲೈಮಾಸಕ್ಕ ತಬಿಯ ಪಕ್ಕೆಗೆ ತಿವಿದಳು. ತಬಿಯ ಕೈಲಿದ್ದ ಪ್ರವಾಸದ ಚೀಟಿ ಕಚೇರಿಯ ಕಾಲೋನದು. ಅವನ ಹೆಂಡತಿಗೆ ಹೆರಿಗೆ ನೋವು ಬಂದದ್ದರಿಂದ ಅವನ ಬದಲು ತಬಿ ಬಂದಿದ್ದ, ಮತ್ತು ಒಬ್ಬರ ಚೀಟಿಯಲ್ಲಿ ಇನ್ನೊಬ್ಬರು ಹೋಗುವಂತಿರಲಿಲ್ಲ.

"ನಾನೇ ಕಾಲೋ," ಎಂದ ತಬಿ.

"ಹತ್ತು ಮಾರಾಯ, ಹೊತ್ತಾಯ್ತು," ಎಂದ ಸ್ಯಾಮ್ಸನ್.

ಟ್ರಕ್ಕಿನ ಹಿಂಭಾಗದಲ್ಲಿ ಆಸ್ಟ್ರೇಲಿಯಾದ ಗಂಡಹೆಂಡತಿ ಇದ್ದರು. ಮೂಲೆಯಲ್ಲಿ ಒಬ್ಬ ಭಾರಿ ಮನುಷ್ಯ ಟೊಪ್ಪಿ ಹಣೆಗೆಳೆದುಕೊಂಡು ಮಾತಿಲ್ಲದೆ ಕೂತಿದ್ದ. ಲೈಮಾಸಕ್ಕ ಅವನ ಚೀಲದತ್ತ ಕಣ್ಣು ಹೊರಳಿಸಿದಳು. ಚೀಲದ ಮೇಲೆ ಅಂಬ್ರಿಮ್‌ನ ಮರದ ಡೋಲಿನ ಚಿತ್ರ ನೇಯ್ದಿತ್ತು.

"ಇವನೇ ಕಣೋ," ಎಂದು ಅವಳು ತಬಿಯ ಕಿವಿಯಲ್ಲಿ ಊದಿದಳು. "ಆ ಮುಖ ನೋಡು, ಹೆಣ್ಣಿನ ಕಡೆಯೋರ ಬಿಗುಮಾನ ಅಂದ್ರೆ ಅದೇ."

ತಬಿ ಲೆಕ್ಕ ಹಾಕಿದ. ಬೆಂಚಿನ ಮೇಲೆ ಕೂತರೆ ಭಾವನಿಗಿಂತ ಅರ್ಧ ಗೇಣು ಎತ್ತರ. ಅವನು ಸದ್ದಿಲ್ಲದೆ ಜಾರಿ ಟ್ರಕ್ಕಿನ ನೆಲದ ಮೇಲೆ, ಸವೆದ ಟಯರ್ ಮತ್ತು ನೀರಿನ ಡಬ್ಬಿಯ ನಡುವೆ ಕುಳಿತ.

"ಏ ಕಾಲೋ, ಮೂಲವ್ಯಾಧಿನಾ?" ಎಂದು ಮುಂದಿನಿಂದ ಸ್ಯಾಮ್ಸನ್ ಕೂಗಿದ. ತಬಿ ಗಾಬರಿಯಿಂದ ಮೂಲೆಯ ಕಡೆ ನೋಡಿದ. ಭಾರಿ ಮನುಷ್ಯ ಹುಬ್ಬು ಗಂಟು ಹಾಕಿದ.

ಟ್ರಕ್ ಇಳಿದು ಕಾಡು ಸುತ್ತುವಾಗ ಪಾಡು ಇನ್ನೂ ಹೆಚ್ಚಿತು. ಆಲದ ಬೇರುಗಳ ನಡುವೆ ಕಾಲುದಾರಿ ಏರುತ್ತದೆ, ಇಳಿಯುತ್ತದೆ. ಏರಿನಲ್ಲಿ ಭಾವನ ಹಿಂದೆ ಇರಬೇಕು, ಇಳಿಜಾರಿನಲ್ಲಿ ಓಡಿ ಅವನ ಮುಂದೆ ಬರಬೇಕು, ಇಲ್ಲದಿದ್ದರೆ ತಲೆ ಮೇಲಾಗುತ್ತದೆ. ಮುಂದೆ ಬರುವಾಗ ಮೈ ತಾಗಬಾರದು ಎಂದು ತಬಿ ಪ್ರತಿ ಸಲವೂ ಪೊದೆಯೊಳಗಿಂದ ನುಗ್ಗಿ ಹೊರಬರುತ್ತಿದ್ದ. ಭಾರಿ ಮನುಷ್ಯ ಎರಡು ಸಲ ಬೆಚ್ಚಿಬಿದ್ದು ಜೇಬು ಮುಟ್ಟಿ ನೋಡಿಕೊಂಡ.

"ಅವನು ನಿನ್ನ ಪರೀಕ್ಷೆ ಮಾಡ್ತಾ ಇದಾನೆ," ಎಂದಳು ಲೈಮಾಸಕ್ಕ. "ಬೇಕೂಂತಲೇ ನಿಧಾನ ನಡೀತಾನೆ ನೋಡು."

"ನಾನು ಕೇಳಿಕೊಂಡು ಬರ್ಲಾ, ನೀವು ಮೆರೆಲಿನ್ ಅಣ್ಣನಾ ಅಂತ?" ಎಂದ ಕಚೇರಿಯ ಜೊತೆಗಾರ ಕಾಲ್ಸೌ.

"ಕೇಳಿ ಕೆಡಿಸಬೇಡ! ಭಾವನ್ನ ಗುರುತೂ ಹಿಡೀಲಿಲ್ಲವಾ ಅಂದ್ಕೋತಾನೆ," ಎಂದು ಅವಳು ಗದರಿದಳು.

ಹೊಳೆ ಬಂತು. ದಾಟಲು ಒಂದು ಮರದ ದಿಮ್ಮಿ ಹಾಕಿತ್ತು. ಭಾರಿ ಮನುಷ್ಯ ದಿಮ್ಮಿಯನ್ನು ನಂಬದೆ ಪ್ಯಾಂಟು ಮಡಿಸಿಕೊಂಡು ನೀರಿಗಿಳಿದ. ಭಾವ ನೀರಿನಲ್ಲಿ, ತಾನು ದಿಮ್ಮಿಯ ಮೇಲೆ? ತಬಿಯೂ ನೀರಿಗಿಳಿದ. ಸಾಲದ್ದಕ್ಕೆ ತಲೆ ತಗ್ಗಿರಲೆಂದು, ಫೋನನ್ನು ಕೈಯಲ್ಲೆತ್ತಿ ಹಿಡಿದು ಮಂಡಿಯೂರಿ ನಡೆದ. ಎದೆಮಟ್ಟ ನೀರು, ಒಂದು ಚಪ್ಪಲಿ ತೇಲಿಹೋಯಿತು. ಆಚೆ ದಡ ಕಡಿದಾಗಿದ್ದು ಕಾಲು ಜಾರತೊಡಗಿತು.

"ಸ್ಯಾಮ್ಸನ್! ಬಾರೋ ಇಲ್ಲಿ, ಬೆನ್ನು ಕೊಡೋ!" ಎಂದು ತಬಿ ಕಿರುಚಿದ.

ಸ್ಯಾಮ್ಸನ್ ನಗುತ್ತಲೇ ಬಂದು ಬಗ್ಗಿದ. ತಬಿ ಅವನ ಬೆನ್ನಿನ ಮೇಲೊಂದು ಕಾಲು, ಕತ್ತಿನ ಮೇಲೊಂದು ಕಾಲು ಇಟ್ಟು ದಡ ಹತ್ತಿದ. ಇಡೀ ದಿನದಲ್ಲಿ ಅವನಿಗೆ ಹೆದರಿಕೆಯಿಲ್ಲದೆ ಮುಟ್ಟಲು, ಬಯ್ಯಲು, ನಗಲು ಸಿಕ್ಕಿದ್ದು ಈ ಪ್ರಾಣಿ ಒಂದೇ.

ಊಟಕ್ಕೆ ಗೆಡ್ಡೆ ತುರಿದು ಬಾಳೆಲೆಯಲ್ಲಿ ಬೇಯಿಸಿದ ಲಾಪ್‌ಲಾಪ್, ಮೇಲೊಂದು ಕೋಳಿಯ ರೆಕ್ಕೆ. ತಬಿ ಭಾವನಿಗೆ ಬೆನ್ನು ಹಾಕಿ, ಮರದ ಕಡೆ ಮುಖ ಮಾಡಿ ಕೂತು ಉಂಡ. ಬೆಳಗಿನಿಂದ ಬಿಗಿದ ನಾಲಿಗೆಗೆ ಸ್ವಲ್ಪ ಸಡಿಲ ಬೇಕಿತ್ತು. ಎದುರಿಗೆ ಕೂತ ಸ್ಯಾಮ್ಸನ್ ಎರಡನೇ ಎಲೆ ಬಿಚ್ಚುತ್ತಿದ್ದ.

"ಏನಯ್ಯಾ ಸ್ಯಾಮ್ಸನ್, ಬೆಂಕಿಬೆಟ್ಟ ಬೇರೆ ಯಾಕೆ ತೋರಿಸ್ತೀಯ? ನಿನ್ನ ಹೊಟ್ಟೆಯೇ ಸಾಕಲ್ಲ, ಎಷ್ಟು ಹಾಕಿದ್ರೂ ಒಳಗೆ ಹೋಗುತ್ತೆ," ಎಂದ ತಬಿ ಮೆಲ್ಲಗೆ.

"ನಿನ್ನ ಹೆಂಡತಿ ಪುಣ್ಯವಂತೆ ಕಾಲೋ, ಸಂತೆಗೆ ಹೋಗದೆನೇ ಮನೇಲೇ ಸಂತೆ ಗದ್ದಲ ಸಿಗುತ್ತೆ," ಎಂದು ಸ್ಯಾಮ್ಸನ್ ತೊಡೆ ತಟ್ಟಿ ನಕ್ಕ.

ಲೈಮಾಸಕ್ಕ ಬಂದು ಪಿಸುಗುಟ್ಟಿದಳು. "ಅವನು ಒಂದು ತುತ್ತೂ ಮುಟ್ಟಿಲ್ಲ ಕಣೋ. ದವಡೆ ಬಿಗಿಹಿಡಿದು ಕೂತಿದಾನೆ. ಕೋಪ ನೆತ್ತಿಗೇರಿದೆ."

ತಬಿಯ ಕೈಯಲ್ಲಿದ್ದ ಕೋಳಿ ರೆಕ್ಕೆ ಎಲೆಗೆ ಬಿತ್ತು. ಹೊಳೆಯಲ್ಲಿ ನೀರು ಸಿಡಿಯಿತೇ? ತಾನು ನಕ್ಕದ್ದು ಕೇಳಿಸಿತೇ? ಶನಿವಾರಕ್ಕೆ ಇನ್ನು ಐದೇ ದಿನ. ಚಾಪೆಗಳು ನೇಯ್ದಾಗಿವೆ. ಮೆರೆಲಿನ್ ಹೊಸ ಬಟ್ಟೆ ಹೊಲಿಸಿದ್ದಾಳೆ. ಈ ಸಲವೂ ತಪ್ಪಿದರೆ ಅವಳು ತನ್ನನ್ನು ಕಾಯುವುದಿಲ್ಲ ಎಂದು ಅವನಿಗೆ ಅಳುವೇ ಬಂತು.

ಕಾಡು ಸುತ್ತಿ ಬಂದು ಮತ್ತೆ ಟ್ರಕ್ ಹತ್ತಿ, ಬೂದಿಯ ಬಯಲು ದಾಟಿ ಯಾಸುರ್ ಬೆಟ್ಟದ ಬುಡ ಸೇರುವಾಗ ಹೊತ್ತು ಇಳಿಯುತ್ತಿತ್ತು. ಬೆಟ್ಟ ಹೊಟ್ಟೆಯೊಳಗೇ ಗುಡುಗಿತು. ಕೊನೆಯ ಏರಿನ ಅರ್ಧದಲ್ಲಿ ಭಾರಿ ಮನುಷ್ಯ ದವಡೆ ಹಿಡಿದುಕೊಂಡು ಕುಳಿತುಬಿಟ್ಟ. ಅವನಿಗಿಂತ ಕೆಳಗಿರಬೇಕಲ್ಲ, ತಬಿ ಎರಡು ಮೆಟ್ಟಿಲು ಕೆಳಗೆ ಬೂದಿಯಲ್ಲಿ ಹೆಚ್ಚುಕಡಿಮೆ ಮಲಗಿದ. ಎಲ್ಲರೂ ಮೇಲೆ ಹೋದರು. ಮೇಲಿನಿಂದ 'ಆಹಾ, ಓಹೋ' ಕೇಳಿಬಂತು. ಬಂದದ್ದು ಬೆಂಕಿ ನೋಡಲು, ಕಂಡದ್ದು ಭಾವನ ಹಿಮ್ಮಡಿ.

ಭಾರಿ ಮನುಷ್ಯ ಬಾಯಿಗೆ ಬೆರಳು ಹಾಕಿ, ಲವಂಗದೆಣ್ಣೆಯ ಹತ್ತಿಯೊಂದನ್ನು ತೆಗೆದು ಎಸೆದು ತಿರುಗಿದ.

"ಅಪ್ಪಾ, ಈಗ ಬಾಯಿ ಬಿಡೋಕೆ ಬಂತು. ಬೆಳಿಗ್ಗೆಯಿಂದ ಹಲ್ಲುನೋವು, ಜೀವ ಹೋಗ್ತಿತ್ತು. ಈಗ ಹೇಳು ನೋಡೋಣ, ನೀನ್ಯಾಕೆ ಕಳ್ಳನ ಹಾಗೆ ನನ್ನ ಹಿಂದೆ ಮುಂದೆ ತೆವಳ್ತಾ ಇದೀಯ?"

"ನೀವು... ಅಂಬ್ರಿಮ್‌ನೋರಲ್ವಾ?" ಎಂದ ತಬಿ ನೆಲ ನೋಡುತ್ತ.

"ಅಂಬ್ರಿಮ್? ನಾನು ಸಾಂತೊ ದ್ವೀಪದವನು. ಶಾಲೆ ಮೇಷ್ಟ್ರು."

"ಆ ಚೀಲ?"

"ವಿಲಾ ಸಂತೇಲಿ ಕೊಂಡಿದ್ದು."

"ನಿಮಗೆ ಮೆರೆಲಿನ್ ಅಂತ ತಂಗಿ?"

"ನನಗೆ ತಂಗೀನೇ ಇಲ್ಲ ಕಣಯ್ಯಾ!"

ತಬಿಗೆ ಹೋದ ಜೀವ ಬಂದಂತಾಯಿತು. ಭಾವ ಇಲ್ಲ! ಬಂದೇ ಇಲ್ಲ! ಅವನು ಮೇಷ್ಟರ ತಲೆಯ ಪಕ್ಕದಿಂದಲೇ ನೆಗೆದು, ಒಂದೇ ಚಪ್ಪಲಿಯಲ್ಲಿ ಬೆಟ್ಟದ ಅಂಚಿಗೆ ಓಡಿದ. ಅಲ್ಲಿ ಕಟಕಟೆಯ ಉದ್ದಕ್ಕೂ ಎತ್ತರದ ಪ್ರವಾಸಿಗಳು ಗೋಡೆಯಂತೆ ನಿಂತಿದ್ದರು. ಬೆನ್ನು ಬಿಟ್ಟು ಬೇರೇನೂ ಕಾಣದು.

"ಸ್ಯಾಮ್ಸನ್! ಹೆಗಲು ಕೊಡೋ!"

"ಬಾ ಮಾರಾಯ, ಬೆಳಿಗ್ಗೆಯಿಂದ ತೆವಳಿ ತೆವಳಿ ಸಾಕಾಗಿರಬೇಕು," ಎಂದು ಸ್ಯಾಮ್ಸನ್ ಕೂತು, ಅವನನ್ನು ಹೆಗಲ ಮೇಲೆ ಏರಿಸಿಕೊಂಡು ಎದ್ದ. ಕೆಳಗೆ ಬೆಟ್ಟ ಬಾಯ್ತೆರೆದು ಕೆಂಡ ಉಗುಳಿತು. ತಬಿ ಸ್ಯಾಮ್ಸನ್‌ನ ಗುಂಗುರು ಕೂದಲನ್ನು ಎರಡೂ ಕೈಯಲ್ಲಿ ಹಿಡಿದು, ತಲೆಯ ಮೇಲೆ ತಾಳ ಹಾಕುತ್ತ "ಸ್ಯಾಮ್ಸನ್! ಸ್ಯಾಮ್ಸನ್! ಬಲಕ್ಕೆ ತಿರುಗೋ ಕತ್ತೆ!" ಎಂದು ಆನಂದದಿಂದ ಕೂಗಿದ.

ಆಗ ಜೇಬಿನಲ್ಲಿ ಫೋನ್ ಹೊಡೆದುಕೊಂಡಿತು. ಎತ್ತರದಲ್ಲಿ ಸಿಗ್ನಲ್ ಚೆನ್ನಾಗಿತ್ತು.

"ಮೆರೆಲಿನ್! ನಿಮ್ಮಣ್ಣ ಬರಲೇ ಇಲ್ಲ ಕಣೇ!"

"ಬರದೆ ಎಲ್ಲಿಗೆ ಹೋಗ್ತಾನೆ?" ಎಂದಳು ಮೆರೆಲಿನ್. "ಬೆಳಿಗ್ಗೆ ಅಷ್ಟು ಹೇಳೋದ್ರೊಳಗೆ ತಳ್ಳಿಬಿಟ್ರು. ಅವನ ಕೆಲಸಾನೇ ಅದು. ಹತ್ತು ವರ್ಷದಿಂದ ಅಲ್ಲೇ ಟ್ರಕ್ ಓಡಿಸ್ಕೊಂಡು ಜನಕ್ಕೆ ಬೆಟ್ಟ ತೋರಿಸ್ತಾನೆ. ಮರ್ಯಾದೆಯಿಂದ ನಡ್ಕೊಂಡೆ ತಾನೆ?"

ತಬಿ ಸ್ಯಾಮ್ಸನ್‌ನ ಕೂದಲಿನಿಂದ ಕೈ ಕಿತ್ತುಕೊಂಡ. ತೊಡೆಗಳ ನಡುವಿನ ತಲೆ ನಿಧಾನವಾಗಿ ಮೇಲಕ್ಕೆ ತಿರುಗಿತು.

"ಯಾವ ಮೆರೆಲಿನ್?" ಎಂದ ಸ್ಯಾಮ್ಸನ್.

ಒಳ್ಳೆಯದು ಮಾಡಲು ಲೈಮಾಸಕ್ಕ ಮುಂದೆ ಬಂದಳು. "ಅಂಬ್ರಿಮ್ ಮೆರೆಲಿನ್ನೇ ಕಣಪ್ಪ. ಶನಿವಾರ ಇವನ ಜೊತೆ ಮದುವೆ. ಇವನು ಕಾಲೋ ಅಲ್ಲ, ತಬಿ. ಚೀಟಿ ಮಾತ್ರ ಕಾಲೋದು."

ಸ್ಯಾಮ್ಸನ್‌ನ ಮುಖದ ನಗು ಮಾಯವಾಯಿತು. ಅವನು ತಲೆಯನ್ನು ನೇರ ಮಾಡಿ ಬೆಂಕಿಯ ಕಡೆ ನೋಡುತ್ತ ನಿಂತ. ಮತ್ತೆ ಮಾತಾಡಿದಾಗ ಅವನ ದನಿ ಚರ್ಚಿನ ಹಿರಿಯರ ದನಿಯಂತೆ ಗಂಭೀರವಾಗಿತ್ತು.

"ಲೈಮಾಸಕ್ಕ, ನನ್ನ ಹೆಗಲ ಮೇಲೆ ಕೂತಿರೋ ಯಜಮಾನರಿಗೆ ದಯವಿಟ್ಟು ಇಳೀರಿ ಅಂತ ಹೇಳಿ."

ಇಳಿಯುವುದು ಹೇಗೆ? ಕಾಲೆತ್ತಿದರೆ ಭಾವನ ತಲೆ ದಾಟಬೇಕು, ಜಾರಿದರೆ ಮೈ ಸವರಬೇಕು. ಕೊನೆಗೆ ಕಾಲ್ಸೌ ಮತ್ತು ಅಷ್ಟರಲ್ಲಿ ಹತ್ತಿ ಬಂದಿದ್ದ ಮೇಷ್ಟ್ರು ಸೇರಿ ಅವನನ್ನು ಹಿಂದಿನಿಂದ ಮೂಟೆಯಂತೆ ಎಳೆದು ಇಳಿಸಿದರು.

"ನೀನೂ ಅವನ ಹೆಸರು ಹಿಡಿದು ಕರೆದಿದೀಯಲ್ಲಪ್ಪ, ಇಬ್ಬರದೂ ತಪ್ಪಾಯ್ತು, ಸರಿಹೋಯ್ತು," ಎಂದು ಲೈಮಾಸಕ್ಕ ಪಂಚಾಯಿತಿ ಮಾಡಿದಳು.

"ನಾನು ಕರೆದಿದ್ದು ಕಾಲೋನ," ಎಂದ ಸ್ಯಾಮ್ಸನ್. "ನನ್ನ ತಂಗಿ ಗಂಡ ಆಗೋರ ಹೆಸರು ಒಂದು ಸಲವೂ ನನ್ನ ಬಾಯಲ್ಲಿ ಬಂದಿಲ್ಲ. ಪಟ್ಟಿಯಲ್ಲಿ ಅವರ ಹೆಸರು ಕಾಣಲಿಲ್ಲ, ಬಂದಿಲ್ಲ ಅಂದ್ಕೊಂಡೆ. ಮದುವೆ ಬರೋ ವರ್ಷ ಗೆಡ್ಡೆ ಸುಗ್ಗಿ ಆದ್ಮೇಲೆ ನೋಡೋಣ ಅಂತ ಅವರಿಗೆ ಹೇಳಿಬಿಡಿ. ಅಷ್ಟರೊಳಗೆ ನನ್ನ ಕತ್ತು ನೆಟ್ಟಗಾಗಬಹುದು."

ಅವನು ಬೆಟ್ಟ ಇಳಿದು ಹೋಗಿ ಟ್ರಕ್ಕಿನ ಮುಂದಿನ ಸೀಟಿನಲ್ಲಿ ಕೂತ. ಹಿಂದೆ ಹತ್ತಿದರೆ ಭಾವನ ತಲೆಗಿಂತ ಎತ್ತರ, ಮುಂದೆ ಕೂತರೆ ಮೈಗೆ ಮೈ. ಟ್ರಕ್ ಹೊರಟಿತು. ತಬಿ ಒಂದು ಚಪ್ಪಲಿ ಹಾಕಿಕೊಂಡು ಬೂದಿಯ ಬಯಲಿನಲ್ಲಿ ಅದರ ಹಿಂದೆ ನಡೆದ. ಟ್ರಕ್ಕಿನ ಹಿಂದಿನಿಂದ ಲೈಮಾಸಕ್ಕ, ಬೇಗ ಬೇಗ ಬಾರೋ ಎಂದು ಕೈ ಬೀಸುತ್ತಿದ್ದಳು.

ಫೋನ್ ಮತ್ತೆ ಹೊಡೆದುಕೊಂಡಿತು. "ಯಾಕೋ ಮಾತೇ ಆಡ್ಲಿಲ್ಲ? ಅಣ್ಣ ಸಿಕ್ಕಿದ್ನಾ? ಏನಂದ?" ಎಂದಳು ಮೆರೆಲಿನ್ ಆತುರದಿಂದ.

ತಬಿ ಬೂದಿ ಮೆತ್ತಿದ ಮುಖ ಒರೆಸಿಕೊಂಡ.

"ನಿಮ್ಮಣ್ಣ ಬಹಳ ಮರ್ಯಾದಸ್ಥ ಕಣೇ," ಎಂದ. "ನಾನ್ಯಾರು ಅಂತ ಗೊತ್ತಾದ ಮೇಲೆ ನನ್ನ ಹತ್ರ ಒಂದು ಮಾತೂ ಆಡ್ಲಿಲ್ಲ."