ಮಾವನ ಹತ್ತು ಕೆಜಿ ಸಾಕ್ಷಿ

ಭೂಮಿ ನಮ್ಮನ್ನು ಕೆಳಕ್ಕೆ ಎಳೆಯುತ್ತದೆ ಎಂದರೆ, ಎಳೆಯುವವರು ಯಾರು, ಅದರಿಂದ ಅವರಿಗೇನು ಲಾಭ ಎಂದು ವಿಚಾರಿಸುವ ಒಬ್ಬನೇ ಮನುಷ್ಯ ನನ್ನ ಸೋದರಮಾವ!

ತಪ್ಪು ಪೂರ್ತಿ ಅವನದಲ್ಲ. ಗುಂಡ್ಲುಪೇಟೆಯ ತರಕಾರಿ ಮಂಡಿಯಲ್ಲಿ ಬದುಕಿಡೀ ತೂಕ ಹಾಕಿದವನು. ತಕ್ಕಡಿ ತಟ್ಟೆಯ ಅಡಿಗೆ ಅಂಟಿಸಿದ ಹುಣಸೆಹಣ್ಣು, ಮೂಟೆಯ ತಳದಲ್ಲಿ ಮಲಗಿದ ಕಲ್ಲು, ಬೀಟ್‌ರೂಟ್ ಚೀಲಕ್ಕೆ ಆಕಸ್ಮಿಕವೆಂಬಂತೆ ತಾಗಿದ ಮೊಣಕಾಲು, ಎಲ್ಲ ಕಂಡವನು. ಅಂಥವನಿಗೆ ಚಾಮರಾಜನಗರದ ಡಾಕ್ಟರು "ನಿಮ್ಮ ತೂಕ ತೊಂಬತ್ತಾರು" ಅಂದುಬಿಟ್ಟರೆ ನಂಬುತ್ತಾನೆಯೇ?

ಆದದ್ದು ಇಷ್ಟು. ಮಾವನಿಗೆ ಮಲದಲ್ಲಿ ರಕ್ತ ಕಾಣಿಸಿತು. ಕ್ಯಾಮೆರಾ ಕೊಳವೆ ಹಾಕಿ ನೋಡಿದರೆ ದೊಡ್ಡ ಕರುಳಿನ ಒಳಗೋಡೆಯಲ್ಲಿ ಅಣಬೆ ಮೊಗ್ಗಿನಂಥ ಪಾಲಿಪ್‌ಗಳು. ತೆಗೆದರು, ಪರೀಕ್ಷಿಸಿದರು, ಕ್ಯಾನ್ಸರ್ ಅಲ್ಲ ಎಂದರು. ಆದರೆ ಇವು ಮತ್ತೆ ಹುಟ್ಟಬಹುದು, ಸುಮ್ಮನೆ ಬಿಟ್ಟರೆ ಕೆಲವು ಕ್ಯಾನ್ಸರಿಗೆ ತಿರುಗಬಹುದು, ಮೈತೂಕ ಹೆಚ್ಚಿದ್ದವರಿಗೆ ಆ ಅಪಾಯ ಹೆಚ್ಚು ಎಂದೂ ಹೇಳಿದರು. ತೂಕ ಇಳಿಸಿ, ಹೇಳಿದ ಹೊತ್ತಿಗೆ ಮತ್ತೆ ಬನ್ನಿ ಎಂದರು.

ಮಾವ ನನ್ನ ಕಿವಿಯಲ್ಲಿ ಕೇಳಿದ: "ಹೊಟ್ಟೆ ಆಚೆ ಅದೆ, ಗಂಟು ಒಳಗಿತ್ತು. ಇದಕೂ ಅದಕೂ ಏನ್ಲಾ ನಂಟು? ಮಿಷನ್ನೇ ಸರಿ ಇಲ್ಲ ಕಣ."

ಮುಂದಿನ ಸಲ ಆಸ್ಪತ್ರೆಗೆ ಹೊರಟಾಗ ಅವನ ಬ್ಯಾಗು ಬಸ್ಸಿನಲ್ಲಿ ಕಂಡಕ್ಟರನ ಕಾಲಿಗೆ ತಾಗಿತು. ಕಂಡಕ್ಟರ್ ಕುಣಿದಾಡಿದ. "ಏನ್ರೀ ಇದು, ಕಬ್ಬಿಣ?"

"ನನ್ನ ಸಾಕ್ಷಿ" ಅಂದ ಮಾವ.

ಅದು ಮಂಡಿಯ ಹತ್ತು ಕೆಜಿಯ ಕಬ್ಬಿಣದ ತೂಕದ ಕಲ್ಲು! ನರ್ಸಮ್ಮ ನೋಡುತ್ತಿದ್ದಂತೆಯೇ ಆಸ್ಪತ್ರೆಯ ಯಂತ್ರದ ಮೇಲೆ ಅದನ್ನಿಟ್ಟ. ಯಂತ್ರ ಸರಿಯಾಗಿ ಹತ್ತು ತೋರಿಸಿತು. ಆಮೇಲೆ ತಾನು ಹತ್ತಿದ. ತೊಂಬತ್ತಾರು. ಅಂಗಿ ಬಿಚ್ಚಿ ಹತ್ತಿದ. ಅಷ್ಟೇ.

"ನೋಡ್ದಾ? ಕಬ್ಬಿಣಕ್ಕೆ ನಿಜ ಹೇಳ್ತದೆ, ಮನುಸ್ರಿಗೆ ಸುಳ್ಳು ಹೇಳ್ತದೆ!"

ಮನೆಯಲ್ಲಿ ಅತ್ತೆ ರಾಗಿಮುದ್ದೆಯನ್ನು ಸಣ್ಣದು ಮಾಡಿದಳು. ಮಾವ ಅದನ್ನು ಅಂಗೈಯಲ್ಲಿ ಎತ್ತಿ, ಕಣ್ಣು ಮುಚ್ಚಿ, ತೂಗಿ ನೋಡಿದ.

"ಮುದ್ದೆ ಇಳೀತಾ ಅದೆ, ಹೊಟ್ಟೆ ಹಂಗೇ ಅದೆ. ಇಳಿದದ್ದು ಎಲ್ಲಿಗೆ ಓಯ್ತಾ ಅದೆ?"

"ಬಂಡೀಪುರದ ರಸ್ತೇಲಿ ಅದ್ಯಲ್ಲ, ಆ ಮಲಯಾಳಿ ಹೋಟ್ಲು, ಅಲ್ಲಿಗೆ ಓಯ್ತಾ ಅದೆ" ಅಂದಳು ಅತ್ತೆ. "ದಿನಾ ವಾಕಿಂಗು ಅಂತ ಓಗಿ ಬಾಳೆಹಣ್ಣು ಬಜ್ಜಿ ತಿಂತೀರಂತಲ್ಲ!"

"ನಡೀರಿ ಅಂದ್ರು ಡಾಕ್ಟ್ರು. ಎಲ್ಲಿಗೆ ಅಂತ ಹೇಳ್ನಿಲ್ವಲ್ಲ!"

ಬಜ್ಜಿ ನಿಂತದ್ದು ಅತ್ತೆ ತಾನೂ ವಾಕಿಂಗಿಗೆ ಹೊರಟ ಮೇಲೆ. ಆಗಿನಿಂದ ಅವನ ತೂಕ ನಿಜವಾಗಿಯೂ ಇಳಿಯತೊಡಗಿತು. ಮಾವನಿಗೆ ಖುಷಿಯಾಗಬೇಕಲ್ಲವೇ? ಇಲ್ಲ! ಇಳಿದಷ್ಟೂ ಅನುಮಾನ ಏರಿತು. ಕನ್ನಡಿ ನೋಡಿಕೊಂಡು ಮಂಕಾಗಿ ಕೂರುತ್ತಿದ್ದ.

ಅವನ ಇನ್ನೊಂದು ಚಟವನ್ನು ಹೇಳಲೇಬೇಕು. ನಾನು ಎಲ್ಲಿ ಸಿಕ್ಕಿದರೂ, ಸಂತೆಯಾಗಲಿ ಮದುವೆಮನೆಯಾಗಲಿ, ಹಿಂದಿನಿಂದ ಬಂದು ಕಂಕುಳಿಗೆ ಕೈಹಾಕಿ ಮೂಟೆಯಂತೆ ಎತ್ತಿ ಇಳಿಸುತ್ತಾನೆ. "ಎರಡು ಕೆಜಿ ಏರ್ಬುಟ್ಟಿದ್ದೀಯ ಕಣ್ಲಾ." ನಲವತ್ತು ದಾಟಿದ ನನಗೆ ಜನರೆದುರು ಇದೆಂಥ ಮರ್ಯಾದೆ! ಎಲೆಯ ಮೇಲಿನ ನನ್ನ ಹೋಳಿಗೆಯನ್ನೂ ತೆಗೆದುಕೊಳ್ಳುತ್ತಿದ್ದ. ತಾನು ತಿನ್ನಲು ಹೊಂಚು ಹಾಕುತ್ತಿದ್ದಾನೆಂದು ನನಗೆ ಅನುಮಾನ. ನಾನೂ ಅವನ ಅಳಿಯನೇ ತಾನೆ?

ಮರುಪರೀಕ್ಷೆಯ ದಿನ ಬಂತು. ಮಂಪರಿನ ಮದ್ದು ಬೇಡ, ಪರದೆಯಲ್ಲಿ ತಾನೂ ನೋಡಬೇಕು ಎಂದ. ಒಳಗಿನಿಂದ ಅವನ ದನಿ ಕೇಳುತ್ತಿತ್ತು: "ಮೂಲೆ ತೋರ್ಸಿ ಸಾ, ಮೂಲೆ! ಮೋಸ ಇರೋದೇ ಮೂಲೇಲಿ."

ಆಮೇಲೆ ನಮ್ಮಿಬ್ಬರನ್ನೂ ಕೂರಿಸಿಕೊಂಡು ಡಾಕ್ಟರು ಹೇಳಿದರು: "ಹೊಸದು ಒಂದೂ ಇಲ್ಲ. ಮುಂದೆಯೂ ನೋಡಿಸುತ್ತಿರಬೇಕು. ಸದ್ಯ ನಿಶ್ಚಿಂತೆಯಾಗಿರಿ."

ಮಾವ ನಗಲಿಲ್ಲ. ನನ್ನ ಹೆಗಲ ಮೇಲೆ ಕೈಯಿಟ್ಟ.

"ಇವುನ್ನೂ ನೋಡಿ ಸಾ. ಇವುನವ್ವ, ನಮ್ಮಕ್ಕ, ಕರುಳು ಕ್ಯಾನ್ಸರಲ್ಲೇ ಓಗಿದ್ದು. ಮೊದಮೊದಲು ಸುಮ್ನೆ ತೂಕ ಇಳೀತಾ ಇದ್ಲು. ಮೂಟೆ ನೋಡಿದ್ರೆ ತೂಕ ಹೇಳೋನು ನಾನು... ಚೆಂದ ಆಗ್ಬುಟ್ಟೆ ಕಣಕ್ಕಾ, ಅಂದ್ಬುಟ್ಟಿದ್ದೆ."

ಅವನು ಎತ್ತಿ ಇಳಿಸಿದ್ದೆಲ್ಲ, ಎಲೆಯಿಂದ ತೆಗೆದ ಹೋಳಿಗೆಗಳೆಲ್ಲ ಒಟ್ಟಿಗೇ ನೆನಪಾದವು. ತಾಯಿಗೆ ಆಗಿದ್ದರೆ ಮಗನೂ ನೋಡಿಸಿಕೊಳ್ಳಬೇಕು ಎಂದು ಡಾಕ್ಟರು ನನಗೂ ದಿನ ಗೊತ್ತುಮಾಡಿ, ತೂಕ ನೋಡಲು ಹೊರಗೆ ಕಳಿಸಿದರು.

ಯಂತ್ರ ಹತ್ತಿದೆ. ನಾನು ಹೆದರಿದ್ದಕ್ಕಿಂತ ತೂಕ ಬಹಳ ಕಡಿಮೆ ಇತ್ತು. ತಿರುಗಿ ನೋಡಿದೆ. ತೂಕದ ಮೋಸಗಾರರನ್ನು ಬದುಕಿಡೀ ಹಿಡಿದ ನನ್ನ ಮಾವ, ನನ್ನ ಮೊಣಕೈ ಅಡಿಗೆ ಅಂಗೈ ಕೊಟ್ಟು ಮೇಲಕ್ಕೆ ಎತ್ತಿ ಹಿಡಿದಿದ್ದ.

"ತಾತ, ಕೈ ಬುಡಿ" ಅಂದಳು ನರ್ಸಮ್ಮ.

"ಬುಡಾಕಿಲ್ಲ ಕಣವ್ವ" ಅಂದ ಮಾವ.