ರೆಸಾರ್ಟಿನ ತಂಪು, ಕ್ವಾರ್ಟರ್ಸಿನ ಝಳ

ಪ್ಲಾಂಟ್ ಆಪರೇಟರ್ ಅಂದರೆ ಯಂತ್ರ ನೋಡಿಕೊಳ್ಳುವವನು ಅಂದುಕೊಂಡು ಕೂಡ್ಲಿಗಿಯಿಂದ ಬಂದವನು ನಾನು. ಮಾಗಳದ ಹತ್ತಿರ ಹೊಳೆದಂಡೆಯ ಈ ದೊಡ್ಡ ರೆಸಾರ್ಟಿಗೆ ಸೇರಿದ ಮೇಲೆ ಗೊತ್ತಾಯಿತು, ಯಂತ್ರ ತನ್ನ ಪಾಡಿಗೆ ತಾನು ನೆಟ್ಟಗಿರುತ್ತದೆ, ತಲೆ ಕೆಡುವುದು ಮನುಷ್ಯರದೇ. ಇಂಥದ್ದು ಏನಾದರೊಂದು ನಡೆಯುತ್ತಲೇ ಇರುತ್ತದೆ. ನಗುವೂ ಬರುತ್ತದೆ, ಹೊಟ್ಟೆಯೂ ಉರಿಯುತ್ತದೆ.

೧. ಬೆಂಕಿಯಿಂದ ತಂಪು

ಹರಪನಹಳ್ಳಿ ಕಡೆಯಿಂದ ಮೆಕ್ಕೆಜೋಳದ ದಿಂಡು ಲಾರಿಯಲ್ಲಿ ಬರುತ್ತದೆ. ಅದರಿಂದ ಗ್ಯಾಸ್ ತೆಗೆದು ಎಂಜಿನ್ ಓಡಿಸಿದರೆ ಕರೆಂಟು. ಎಂಜಿನ್ನಿನ ಬಿಸಿಯಲ್ಲಿ ಅತಿಥಿಗಳ ಸ್ನಾನಕ್ಕೆ ನೀರು. ಅದೇ ಬಿಸಿಯಿಂದ ಇನ್ನೊಂದು ಯಂತ್ರ ನಡೆದು ರೂಮುಗಳಿಗೆ ಎ.ಸಿ. ಇಷ್ಟಾದ ಮೇಲೂ ಉಳಿದ ಬಿಸಿಯನ್ನು ಹೊರಗೆ ಊದಲು ಒಂದು ದೈತ್ಯ ಫ್ಯಾನು. ಅದರ ಬಾಯಿ ನೇರ ನೌಕರರ ಕ್ವಾರ್ಟರ್ಸಿನ ಮೊದಲನೇ ಮನೆಗೆ. ಅದು ನಮ್ಮ ಮನೆ.

ಉದ್ಘಾಟನೆಗೆ ಬಂದ ಮುಖಂಡರೊಬ್ಬರು, “ಬೆಂಕಿಯಿಂದ ತಂಪು ಹೆಂಗ ಆಗತೈತಿ?” ಎಂದು ಕೇಳಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಬೆಂಗಳೂರಿನ ನಮ್ಮ ಮ್ಯಾನೇಜರ್, “ಸೈನ್ಸ್ ಸರ್” ಎಂದು ಮುಗಿಸಿಬಿಟ್ಟ. ಮುಖಂಡರು ಹಿಂದಿನ ಬಾಗಿಲಿಂದ ಹೊರಗೆ ಬಂದದ್ದೇ ಫ್ಯಾನಿನ ಗಾಳಿ ಮುಖಕ್ಕೆ ಬಡಿಯಿತು.

“ಏನ್ ಝಳಪ್ಪಾ ಇದು! ಇಲ್ಲಿ ಯಾರಾದ್ರೂ ಇರ್ತಾರೇನು?”

“ಯಾರೂ ಇಲ್ಲ ಸರ್,” ಅಂದ ಮ್ಯಾನೇಜರ್, “ಬರೀ ಸ್ಟಾಫು.”

೨. ಹುಲ್ಲಿನ ಆರೋಗ್ಯ

ನನ್ನ ಹೆಂಡತಿ ಕೊಟ್ಟೂರಿನವಳು. ಬಿಸಿಲು ಅವಳಿಗೆ ಹೊಸದಲ್ಲ. ಆದರೆ ಬಿಸಿಲು ಸಂಜೆಗಾದರೂ ಇಳಿಯುತ್ತದೆ, ಈ ಫ್ಯಾನಿಗೆ ಸಂಜೆ ಅನ್ನುವುದೇ ಇಲ್ಲ.

“ಅದರ ಮಾರಿ ಆಕಡಿ ತಿರುಗಸ್ರಿ. ಬ್ಯಾಸಗಿ ಬರೋದ್ರಾಗ ತಿರುಗಲಿಲ್ಲಂದ್ರ ನಾ ತೌರಿಗಿ ಹೋಗ್ತೀನಿ. ಆ ಫ್ಯಾನಿನ ಕೂಡ ನೀವೇ ಸಂಸಾರ ಮಾಡ್ರಿ” ಅಂದಳು. ತಮಾಷೆಗೆ ಅಂದದ್ದಲ್ಲ, ಮುಖ ನೋಡಿದರೇ ತಿಳಿಯುತ್ತಿತ್ತು. ನನಗೆ ಭಯವೇ ಆಯಿತು.

ಮ್ಯಾನೇಜರ್‌ಗೆ ಹೇಳಿದೆ. ಅವನು ಹೊರಗೆ ಬಂದು ಎರಡೂ ಕಡೆ ನೋಡಿ, ಬಹಳ ಹೊತ್ತು ಯೋಚಿಸಿ ಅಂದ: “ಆ ಕಡೆ ಲಾನ್ ಇದೆ ಕಣ್ರೀ. ಪಾಪ, ಹುಲ್ಲು ಒಣಗಿಹೋಗುತ್ತೆ.”

೩. ಹುರಿದ ಹೂವು

ಆಯುಧಪೂಜೆಗೆ ನಮ್ಮವರು ಹಡಗಲಿಯಿಂದ ಚೆಂಡುಹೂವಿನ ಹಾರ ತಂದು ಎಲ್ಲ ಯಂತ್ರಗಳಿಗೂ ಹಾಕಿದರು. ಫ್ಯಾನಿಗೆ ಬೇಸರವಾಗಬಾರದೆಂದು ಅದರ ಬೆನ್ನಿಗೂ ದೊಡ್ಡದೊಂದು ಕಟ್ಟಿದರು. ಮಂಗಳಾರತಿ ಆಯಿತು, ಕುಂಬಳಕಾಯಿ ಒಡೆಯಿತು, ಮ್ಯಾನೇಜರ್ ಸ್ವಿಚ್ ಒತ್ತಿದ. ಫ್ಯಾನು ಹಿಂದಿನ ಹಾರವನ್ನು ಒಂದೇ ಗುಟುಕಿಗೆ ಎಳೆದುಕೊಂಡು, ಚೂರು ಮಾಡಿ, ಮುಂದೆ ಊದಿತು. ಬಾಗಿಲು ತೆರೆದಿಟ್ಟು ರೊಟ್ಟಿ ಬಡಿಯುತ್ತಿದ್ದ ಹೆಂಡತಿ ತಲೆತುಂಬ ಎಸಳು ಹೊತ್ತು ಹೊರಗೆ ಬಂದಳು.

“ನಮ್ಮ ಮದುವ್ಯಾಗೂ ಇಷ್ಟು ಹೂ ಬಿದ್ದಿದ್ದಿಲ್ಲ. ಅವಾದ್ರೂ ಹಸೀವು ಬಿದ್ದಿದ್ವು, ಇವು ಹುರದು ಬಂದಾವ.”

೪. ಕತ್ತಲೆಯ ಶಿಬಿರ

ಪರಿಸರ ಉಳಿಸುವವರ ತಂಡವೊಂದು ಬಂತು. ಸಂಜೆ ಎಲ್ಲ ಲೈಟು ಆರಿಸಿ ಮೇಣದಬತ್ತಿ ಹಚ್ಚಿ ಕೂತರು. ಕರೆಂಟು ಕೇಳುವವರಿಲ್ಲದೆ ಎಂಜಿನ್ ನಿಧಾನಕ್ಕೆ ತಣ್ಣಗಾಯಿತು. ಎಂಜಿನ್ ತಣ್ಣಗಾದರೆ ಎ.ಸಿ. ನಡೆಸಲು ಬಿಸಿ ಎಲ್ಲಿಂದ ಬರಬೇಕು? ಪರಿಸರ ಪ್ರೇಮಿಗಳೆಲ್ಲ ಬೆವೆತು ಮುದ್ದೆಯಾಗಿ ರಿಸೆಪ್ಶನ್ನಿಗೆ ಮುತ್ತಿಗೆ ಹಾಕಿದರು.

ಮ್ಯಾನೇಜರ್ ಓಡಿಬಂದ. “ಮದುವೆ ಹಾಲಿನ ಲೈಟೆಲ್ಲಾ ಹಾಕ್ರೀ! ಎಂಜಿನ್‌ಗೆ ಲೋಡ್ ಕೊಡ್ರೀ!”

ಒಂದು ನರಪಿಳ್ಳೆಯೂ ಇಲ್ಲದ ಹಾಲು ಝಗಮಗ ಹೊಳೆಯಿತು. ಇದೇ ಸಮಯ ಅಂದುಕೊಂಡು ಕೇಳಿದೆ: “ಸಾರ್, ಹೆಂಗೂ ಕರೆಂಟ್ ಖರ್ಚಾಗಬೇಕಲ್ರಿ. ನಮ್ಮನಿಗೊಂದು ಕೂಲರ್ ಹಚ್ಕೊಳ್ಳಲೇನ್ರಿ?”

“ಛೆ, ಛೆ! ಹಾಗೆಲ್ಲ ಕರೆಂಟ್ ವೇಸ್ಟ್ ಮಾಡಬಾರದು.”

೫. ಹಸಿರು ಪ್ರಶಸ್ತಿ

ಬೇಸಿಗೆ ಬಂದೇಬಿಟ್ಟಿತು. ಜೊತೆಗೆ ಹಸಿರು ರೆಸಾರ್ಟಿಗೆ ಪ್ರಶಸ್ತಿ ಕೊಡುವ ತೀರ್ಪುಗಾರರೂ ಬಂದರು. ಉತ್ತರದ ಯಾವುದೋ ಚಳಿ ಊರಿನವರು, ಕನ್ನಡ ಬಾರದು. ಪ್ಲಾಂಟೆಲ್ಲ ನೋಡಿ, “ಉಳಿದ ಬಿಸಿ ಹಾಳಾಗುವುದಿಲ್ಲವೇ?” ಎಂದು ಇಂಗ್ಲಿಷಿನಲ್ಲಿ ಕೇಳಿದರು. ಮ್ಯಾನೇಜರ್ ತಡವರಿಸಿದ. ನಾನು ಅದನ್ನೇ ಕನ್ನಡದಲ್ಲಿ ಗೊಣಗಿದ್ದು ನಮ್ಮ ಮನೆ ಬಾಗಿಲಲ್ಲಿ ನಿಂತ ಹೆಂಡತಿಗೆ ಕೇಳಿಸಿತು.

“ಹಾಳ್ಯಾಕ ಆಗತೈತ್ರಿ? ಉಳಿದದ್ದೆಲ್ಲ ನಮ್ಮನಿಗೇ ಬರತೈತಿ!” ಎಂದು ಸಿಟ್ಟಿನಿಂದ ಹೇಳಿದಳು.

ಮ್ಯಾನೇಜರ್‌ನ ಮುಖ ಅರಳಿತು. ಸಿಟ್ಟನ್ನು ಬಿಟ್ಟು ಉಳಿದದ್ದನ್ನು ಅಕ್ಷರಶಃ ಅನುವಾದ ಮಾಡಿದ. ತೀರ್ಪುಗಾರರು ಅವಳಿಗೆ ಕೈಮುಗಿದರು. ನೌಕರರ ಮನೆಗಳಿಗೂ ಬಿಸಿ ಸೌಲಭ್ಯ ಕೊಟ್ಟ ರೆಸಾರ್ಟನ್ನು ಅವರು ಎಲ್ಲೂ ಕಂಡಿರಲಿಲ್ಲವಂತೆ. ಪ್ರಶಸ್ತಿ ನಮಗೇ ಬಂತು.

ಮ್ಯಾನೇಜರ್ ಖುಷಿಯಲ್ಲಿದ್ದಾನೆ, ಈಗಲಾದರೂ ಒಪ್ಪುತ್ತಾನೆ ಎಂದು ಫ್ಯಾನಿನ ಮಾತೆತ್ತಿದೆ. “ತಿರುಗಿಸೋದಾ? ಪ್ರಶಸ್ತಿ ಬಂದಿದ್ದೇ ಅದಕ್ಕೆ ಕಣ್ರೀ!” ಅಂದ.

ಮರುದಿನ ಹೆಂಡತಿ ಬ್ಯಾಗು ಹಿಡಿದು ಕೊಟ್ಟೂರಿನ ಬಸ್ಸು ಹತ್ತಿದಳು. ಇರು ಅಂತ ಯಾವ ಮುಖ ಇಟ್ಟುಕೊಂಡು ಅನ್ನಲಿ? ಸಂಕಟ ತಡೆಯಲಾರದೆ ನೇರ ಮ್ಯಾನೇಜರ್‌ನ ಎ.ಸಿ. ರೂಮಿಗೆ ಹೋದೆ.

“ಸಾರ್, ನನ್ನ ಹೆಂಡ್ತಿ ಮನಿ ಬಿಟ್ಟು ಹೋಗ್ಯಾಳ್ರಿ. ಮನಿ ಖಾಲಿ ಆತ್ರಿ.”

ಅವನು ಕುರ್ಚಿಯಿಂದ ಎದ್ದೇಬಿಟ್ಟ. ಇಷ್ಟು ದಿನದಲ್ಲಿ ಅವನ ಮುಖದಲ್ಲಿ ನಿಜವಾದ ನೋವು ಕಂಡದ್ದು ಅದೇ ಮೊದಲು.

“ಅಯ್ಯೋ, ಹಾಗಾದ್ರೆ ಆ ಬಿಸಿಯೆಲ್ಲಾ ವೇಸ್ಟ್ ಆಗ್ತಾ ಇದೆಯಲ್ರೀ!”