ಕುತ್ತಿಗೆ ಹಿಡಿದ ಶೇರವಾನಿ

ಮನಸ್ಸು ದೇಹದ ಯಾವ ಭಾಗದಲ್ಲಿರುತ್ತದೆ ಎಂದು ಕೇಳಿದರೆ ಕೆಲವರು ಎದೆ ಮುಟ್ಟಿ ತೋರಿಸುತ್ತಾರೆ, ಕೆಲವರು ತಲೆ ಮುಟ್ಟಿ ತೋರಿಸುತ್ತಾರೆ. ನನ್ನನ್ನು ಕೇಳಿದರೆ ಅದು ಕುತ್ತಿಗೆಯ ಹಿಂಭಾಗದಲ್ಲಿ, ಕೂದಲು ಮುಗಿಯುವ ಜಾಗದಿಂದ ಎರಡು ಬೆರಳು ಕೆಳಗೆ ಇದೆ. ಇದನ್ನು ನಾನು ಯಾವ ಪುಸ್ತಕದಿಂದಲೂ ಕಲಿತದ್ದಲ್ಲ. ಮಸ್ಕಿಯಲ್ಲಿ ಮಾಸ್ತರನಾಗಿದ್ದಾಗ ಸ್ವಂತ ಕುತ್ತಿಗೆ ಹಿಡಿದುಕೊಂಡು, ಊರವರ ಕೈಯಿಂದ ಅದನ್ನು ತಿಕ್ಕಿಸಿಕೊಂಡು ಕಲಿತದ್ದು. ಇಷ್ಟು ಕಷ್ಟಪಟ್ಟು ಕಲಿತ ವಿದ್ಯೆಯಿಂದ ಏನಾದರೂ ಪ್ರಯೋಜನವಾಯಿತೇ ಎಂದರೆ, ಅದೂ ಆಗಲಿಲ್ಲ.

ಆಗ ನಿಜಾಮರ ಆಳ್ವಿಕೆ. ಶಾಲೆಯಲ್ಲಿ ಪಾಠವೆಲ್ಲ ಉರ್ದುವಿನಲ್ಲಿ. ಮಕ್ಕಳು ಮನೆಯಲ್ಲಿ ಕನ್ನಡದಲ್ಲಿ ಅತ್ತು, ಮುಖ ತೊಳೆದುಕೊಂಡು ಶಾಲೆಗೆ ಬಂದು ಉರ್ದುವಿನಲ್ಲಿ ಮಗ್ಗಿ ಹೇಳುತ್ತಿದ್ದವು. ನಾನು ಲೆಕ್ಕದ ಮಾಸ್ತರ. ಮೊದಲು ಉರ್ದುವಿನಲ್ಲಿ ಲೆಕ್ಕ ಹೇಳಿ, ಯಾರಿಗೂ ತಿಳಿಯಲಿಲ್ಲವೆಂದು ಖಾತ್ರಿ ಮಾಡಿಕೊಂಡು, ಬಾಗಿಲು ಮುಂದೆ ಮಾಡಿ ಅದನ್ನೇ ಕನ್ನಡದಲ್ಲಿ ಹೇಳುತ್ತಿದ್ದೆ. ಪಕ್ಕದ ತರಗತಿಯ ಮಾಸ್ತರ ಶರಣಪ್ಪನೂ ಹಾಗೆಯೇ ಮಾಡುತ್ತಿದ್ದ. ಇಬ್ಬರ ಬಾಗಿಲೂ ಒಂದೇ ಹೊತ್ತಿಗೆ ಕಿರುಗುಟ್ಟುತ್ತಿದ್ದವು. ಒಂದೇ ತಪ್ಪನ್ನು ಗೋಡೆಯ ಆಚೆ ಈಚೆ ಕೂತು ಮಾಡುವವರ ನಡುವೆ ಸ್ನೇಹ ಬೆಳೆಯದೆ ಇರುತ್ತದೆಯೇ? ಅವನ ಮನೆ ನನ್ನ ಮನೆಗೂ ಶಾಲೆಗೂ ನಡುವೆ ಇತ್ತು. ಹೋಗುವಾಗ ನಾನು ಅವನ ಬಾಗಿಲಲ್ಲಿ ನಿಂತು ಕೆಮ್ಮುತ್ತಿದ್ದೆ, ಅವನು ಟೋಪಿ ಸರಿಪಡಿಸಿಕೊಳ್ಳುತ್ತ ಹೊರಬರುತ್ತಿದ್ದ. ಬರುವಾಗ ಅವನ ಕಟ್ಟೆಯ ಮೇಲೆ ಒಂದು ಚಹಾ ಆಗಿಯೇ ನಾನು ಮನೆ ಮುಟ್ಟುತ್ತಿದ್ದೆ.

ಮಾಸ್ತರರು ಶೇರವಾನಿ ಹಾಕಬೇಕೆಂಬುದು ಮೇಲಿನವರ ಕಟ್ಟಪ್ಪಣೆ. ದಿನಾ ಯಾರೂ ಹಾಕುತ್ತಿರಲಿಲ್ಲ. ಮಸ್ಕಿಯ ಬಿಸಿಲಿನಲ್ಲಿ ಗಂಟಲತನಕ ಗುಂಡಿ ಹಾಕಿಕೊಂಡು ನಿಂತರೆ ಮಾಸ್ತರನೇ ಬೆಂದು ಹೋಗುತ್ತಾನೆ. ಆದರೆ ಲಿಂಗಸುಗೂರಿನಿಂದ ತನಿಖೆಯ ಸಾಹೇಬರು ಬರುವ ದಿನ ಅದು ಇರಲೇಬೇಕಿತ್ತು. ವರ್ಷಕ್ಕೊಂದು ದಿನದ ಉಡುಪಿಗೆ ಇಬ್ಬರೂ ಒಂದೊಂದು ಹೊಲಿಸುವುದು ದಂಡವೆಂದು ನಾವು ಸಿಂಧನೂರಿಗೆ ಹೋಗಿ ಇಬ್ಬರಿಗೂ ಸೇರಿ ಒಂದನ್ನೇ ಹೊಲಿಸಿದೆವು. ಶರಣಪ್ಪ ಉದ್ದ, ತೆಳ್ಳಗೆ. ನಾನು ಗಿಡ್ಡ, ಉಳಿದದ್ದನ್ನು ಹೇಳುವುದಿಲ್ಲ. ದರ್ಜಿ ನಮ್ಮಿಬ್ಬರನ್ನೂ ಅಕ್ಕಪಕ್ಕ ನಿಲ್ಲಿಸಿ, ಬಹಳ ಹೊತ್ತು ನೋಡಿ, ಇಬ್ಬರ ನಡುವೆ ನಿಲ್ಲಬಹುದಾದ ಯಾರೋ ಮೂರನೆಯವನಿಗೆ ಸರಿಯಾಗುವಂತೆ ಹೊಲಿದುಕೊಟ್ಟ. ಅವನಿಗೆ ಅದು ಮೊಣಕಾಲಿನ ಮೇಲೆಯೇ ನಿಂತಿತು. ನನಗೆ ತೋಳು ಬೆರಳುಗಳನ್ನು ನುಂಗಿತು, ಹೊಟ್ಟೆಯ ಹತ್ತಿರ ಗುಂಡಿ ಹಾಕಬೇಕಾದರೆ ಉಸಿರು ಬಿಡುವ ಹಾಗಿರಲಿಲ್ಲ.

ಅದನ್ನು ಬಳಸುವ ಪದ್ಧತಿ ಮಾತ್ರ ಬಹಳ ಸೊಗಸಾಗಿತ್ತು. ಸಾಹೇಬರು ಮೊದಲು ನನ್ನ ತರಗತಿ ನೋಡುತ್ತಿದ್ದರು. ಅದು ಮುಗಿದ ಮೇಲೆ ಹೆಡ್ ಮಾಸ್ತರರ ಕೋಣೆಯಲ್ಲಿ ಚಹಾ. ಆ ಹೊತ್ತಿನಲ್ಲಿ ನಾನು ಶೇರವಾನಿ ಕಳಚಿ ಹಿಂದಿನ ಕಿಟಕಿಯಿಂದ ಕೊಡುತ್ತಿದ್ದೆ, ಶರಣಪ್ಪ ತೊಟ್ಟು ನಿಲ್ಲುತ್ತಿದ್ದ. ಸಾಹೇಬರು ಚಹಾ ಕುಡಿದು ಬಂದು ಅವನನ್ನು ನೋಡಿ ಮೆಚ್ಚುತ್ತಿದ್ದರು. ಹೀಗೆ ಕೆಲವು ವರ್ಷ ಸರ್ಕಾರವೂ ಸಂತೋಷವಾಗಿತ್ತು, ನಾವೂ ಸಂತೋಷವಾಗಿದ್ದೆವು. ಇಡೀ ಏರ್ಪಾಡು ನಿಂತಿದ್ದದ್ದು ಸಾಹೇಬರ ಚಹಾದ ಮೇಲೆ ಎಂಬುದು ನಮಗೆ ಹೊಳೆದಿರಲಿಲ್ಲ.

ಆ ವರ್ಷ ಹೊಸ ಸಾಹೇಬರು ಬಂದರು. ಅವರು ಚಹಾ ಕುಡಿಯುವುದಿಲ್ಲ. ನನ್ನ ತರಗತಿ ಮುಗಿಸಿ, ನಡೀರಿ ಮುಂದಿನ ಕೋಣೆಗೆ ಎಂದು ಹೆಡ್ ಮಾಸ್ತರರಿಗೆ ಹೇಳಿ, ನೀವೂ ಬನ್ನಿ ಎಂದು ನನ್ನನ್ನೂ ಜೊತೆಗೆ ಕರೆದರು. ನಾನು ಹೋದೆ. ಹೋಗದೆ ಏನು ಮಾಡಲಿ? ಬಾಗಿಲು ತೆರೆದಾಗ ಶರಣಪ್ಪ ಧೋತರ ಅಂಗಿಯಲ್ಲಿ ಕಿಟಕಿಯ ಹೊರಗೆ ಕೈ ಚಾಚಿಕೊಂಡು ನಿಂತಿದ್ದ. ಶೇರವಾನಿ ಎಲ್ಲಿ ಎಂದು ಸಾಹೇಬರು ಉರ್ದುವಿನಲ್ಲಿ ಗದರಿದರು. ಶರಣಪ್ಪ ತಿರುಗಿ ನನ್ನನ್ನು ನೋಡಿದ. ನನ್ನನ್ನಲ್ಲ, ಶೇರವಾನಿಯನ್ನು. ಆಮೇಲೆ, ಮನೆಯಲ್ಲಿದೆ ಹುಜೂರ್, ಮರೆತು ಬಂದೆ ಎಂದ. ಸಾಹೇಬರು ನನ್ನ ಭುಜದ ಮೇಲೆ ಕೈಯಿಟ್ಟು, ಇವರನ್ನು ನೋಡಿ ಕಲಿತುಕೋ ಎಂದು ಮಕ್ಕಳೆದುರಿಗೆ ಅವನಿಗೆ ಹೇಳಿದರು.

ನಾನು ಆಗ ಬಾಯಿ ತೆರೆಯಬೇಕಿತ್ತು. ಇದು ಇಬ್ಬರದು ಹುಜೂರ್ ಎಂದಿದ್ದರೆ ಹೆಚ್ಚೆಂದರೆ ಇಬ್ಬರಿಗೂ ಬೈಗಳಾಗುತ್ತಿತ್ತು. ಬೈಗಳವನ್ನೂ ಅರ್ಧರ್ಧ ಹಂಚಿಕೊಳ್ಳಬಹುದಿತ್ತು. ಆದರೆ ಹೊಟ್ಟೆಯ ಗುಂಡಿ ಹರಿಯದಿರಲೆಂದು ಉಸಿರು ಹಿಡಿದು ನಿಂತವನ ಬಾಯಲ್ಲಿ ಮಾತು ಹೇಗೆ ಬಂದೀತು ಎಂದು ನಾನು ಬಹಳ ದಿನ ಸಮಾಧಾನ ಹೇಳಿಕೊಂಡೆ. ಸುಳ್ಳು. ಉಸಿರು ಬೇಕಾದಷ್ಟಿತ್ತು. ಸಾಹೇಬರು ಹೋದ ಮೇಲೆ ಹೆಂಡತಿಯ ಮುಂದೆ ಅದೇ ಗುಂಡಿಗಳೊಳಗಿಂದ ಗಂಟೆಗಟ್ಟಲೆ ಮಾತಾಡಿದ್ದೇನೆ.

ಮರುದಿನ ಬೆಳಿಗ್ಗೆ ಶಾಲೆಗೆ ಹೊರಟಾಗ ಕುತ್ತಿಗೆ ಹಿಡಿದುಕೊಂಡಿತು. ಬಲಕ್ಕೆ ಹೊರಳಲೊಲ್ಲದು. ಹೀಗಾಗಿ ಶರಣಪ್ಪನ ಬಾಗಿಲಲ್ಲಿ ನಿಲ್ಲಲಿಲ್ಲ, ಕೆಮ್ಮಲೂ ಇಲ್ಲ. ನೋವಿನವನು ನಿಲ್ಲುವುದು ಹೇಗೆ? ಶಾಲೆಯಲ್ಲಿ ಅವನು ತನ್ನ ಬಾಗಿಲು ಮುಂದೆ ಮಾಡಿದ, ನಾನು ನನ್ನದು ಮುಂದೆ ಮಾಡಿದೆ. ಅವನು ಮಾತಾಡಿಸಲಿ ಎಂದು ನಾನು ಕಾದೆ. ಅವನು ಯಾಕೆ ಮಾತಾಡಿಸಬೇಕು ಎಂದು ಯೋಚಿಸುವಷ್ಟು ಜಾಗ ನನ್ನ ತಲೆಯಲ್ಲಿ ಇರಲಿಲ್ಲ. ಅಲ್ಲಿ ಕುತ್ತಿಗೆಯೇ ತುಂಬಿಕೊಂಡಿತ್ತು.

ನಾನು ಶೇರವಾನಿಯ ಕೊರಳುಪಟ್ಟಿಯನ್ನು ದೂರಿದೆ. ಆಮೇಲೆ ದಿಂಬನ್ನು ದೂರಿದೆ. ಗುರುಗುಂಟಾದಲ್ಲಿದ್ದ ನನ್ನ ಸೋದರಮಾವನ ನೆನಪಾಯಿತು. ತಾಲೂಕಿನ ಜವಾನ ಊರ ಹೊರಗೆ ಕಂಡರೆ ಸಾಕು, ಅವನ ಹೊಟ್ಟೆ ತೊಳಸಲು ಸುರುವಾಗುತ್ತಿತ್ತು. ಜವಾನ ಬೇರೆ ಯಾರದೋ ಮನೆಗೆ ಬಂದಿದ್ದರೂ ಇವನು ಚೆಂಬು ಹಿಡಿದು ಓಡುತ್ತಿದ್ದ. ಹಿಂದಿನ ದಿನ ತಿಂದ ಬದನೆಕಾಯಿಯ ಮೇಲೆ ತಪ್ಪು ಹೊರಿಸುತ್ತಿದ್ದ. ಚಿಕ್ಕವರಾಗಿದ್ದಾಗ ನಾವೆಲ್ಲ ಬಿದ್ದು ಬಿದ್ದು ನಗುತ್ತಿದ್ದೆವು. ಈಗ ನನ್ನ ದಿಂಬಿಗೂ ಅವನ ಬದನೆಕಾಯಿಗೂ ಏನು ಫರಕು?

ಕಾಲು ಮುಂದಾಗಿ ಹುಟ್ಟಿದವರು ಒದ್ದರೆ ಉಳುಕು ಹೋಗುತ್ತದೆ ಎಂಬ ನಂಬಿಕೆ ನಮ್ಮ ಕಡೆ ಇದೆ. ಓಣಿಯಲ್ಲಿ ಹಾಗೆ ಹುಟ್ಟಿದ ಮುದುಕಿಯೊಬ್ಬಳಿದ್ದಳು. ಶಾಲೆಯ ಮಾಸ್ತರನನ್ನು ಒದೆಯುವ ಅವಕಾಶ ಆ ವಯಸ್ಸಿನಲ್ಲಿ ಸಿಕ್ಕಿತೆಂದು ಮನಸ್ಸಿಟ್ಟು ಒದ್ದಳು. ಕುತ್ತಿಗೆಯ ಜೊತೆಗೆ ಬೆನ್ನೂ ಹಿಡಿದುಕೊಂಡಿತು.

ನಿಜವಾದ ಪರೀಕ್ಷೆ ಮಾಡಿದವಳು ನನ್ನ ಹೆಂಡತಿ ನೀಲವ್ವ. ಒಂದು ದಿನ ನನ್ನನ್ನು ಹೊರಗೆ ಕರೆದು, ಶಾಲೆಯ ಕಡೆ ಮುಖ ಮಾಡಿ ನಿಲ್ಲಿಸಿ ಬಲಕ್ಕೆ ಹೊರಳಿ ನೋಡಿ ಎಂದಳು. ಆಗಲಿಲ್ಲ. ಎಡಕ್ಕೆ ಎಂದಳು. ಸಲೀಸಾಗಿ ಹೊರಳಿತು. ಆಮೇಲೆ ಎತ್ತನ್ನು ತಿರುಗಿಸಿದ ಹಾಗೆ ಭುಜ ಹಿಡಿದು ಮನೆಯ ಕಡೆ ಮುಖ ಮಾಡಿಸಿದಳು. ಈಗ ಬಲಕ್ಕೆ ಸಲೀಸು, ಎಡಕ್ಕೆ ಆಗಲೊಲ್ಲದು. ದಿನಾ ಮುಂಜಾನೆ ಬಲಗಡೆ ಹಿಡಿದುಕೊಂಡು ಹೋಗಿ ಸಂಜೆ ಎಡಗಡೆ ಹಿಡಿದುಕೊಂಡು ಬರುವುದನ್ನು ಅವಳು ಬಾಗಿಲಲ್ಲಿ ನಿಂತು ನೋಡಿದ್ದಳಂತೆ. ಹೋಗುವಾಗ ಬಲಕ್ಕೆ, ಬರುವಾಗ ಎಡಕ್ಕೆ ಇದ್ದದ್ದು ಯಾವ ಮನೆ ಎಂದು ಲೆಕ್ಕದ ಮಾಸ್ತರನಿಗೆ ಹೇಳಿಕೊಡಬೇಕಾಯಿತು.

"ನೋವು ನಿಮ್ಮ ಕುತ್ತಿಗ್ಯಾಗ ಇಲ್ರೀ, ಶರಣಪ್ಪಣ್ಣನ ಮನ್ಯಾಗ ಐತಿ. ಅಲ್ಲಿ ಹೋಗಿ ಇಳಿಸಿ ಬರ್ರಿ," ಎಂದಳು.

ಹೆಂಗಸರಿಗೆ ನರದ ವಿಷಯ ಏನು ತಿಳಿಯುತ್ತದೆ ಎಂದು ನಾನು ಸಿಟ್ಟಿಗೆದ್ದೆ. ಸಿಟ್ಟಿನಲ್ಲಿ ಹೊರಟು ಹಕೀಮ ಮೌಲಾಸಾಬರ ಅಂಗಡಿಗೆ ಹೋದೆ. ಅವರು ಕುತ್ತಿಗೆಯನ್ನು ಮುಟ್ಟಿ, ಇದು ಕಬ್ಬಿಣ ಆಗೇದ ಮಾಸ್ತರ್ ಎಂದು ಹೇಳಿ, ಕಪ್ಪು ಬಣ್ಣದ ಒಂದು ಎಣ್ಣೆಯನ್ನು ಕಾಯಿಸಿ ದಿನವೂ ತಿಕ್ಕತೊಡಗಿದರು. ಆ ಎಣ್ಣೆಯ ವಾಸನೆಗೆ ಮುಂದಿನ ಸಾಲಿನ ಮಕ್ಕಳು ಹಿಂದಿನ ಸಾಲಿಗೆ ಹೋದರು.

ಅಷ್ಟರಲ್ಲಿ ಹುಕುಂ ಬಂತು. ಶರಣಪ್ಪನನ್ನು ಬಳಗಾನೂರಿಗೆ ಹಾಕಿದ್ದರು. ಶಿಸ್ತು ಇಲ್ಲದ ಮಾಸ್ತರ ಎಂಬ ಹೆಸರು ಹೊತ್ತುಕೊಂಡು ಅವನು ಹೋಗಬೇಕು. ನೀಲವ್ವ ಅವನ ಮನೆಗೆ ಹೋಗಿ ಪಾತ್ರೆ ಕಟ್ಟಲು ನೆರವಾಗಿ ಬಂದಳು. ಹೊರಡುವ ದಿನ ನಾನು ಹೋಗಿಯೇ ತೀರಬೇಕೆಂದು ನಿಶ್ಚಯ ಮಾಡಿದೆ. ಏನು ಹೇಳಬೇಕೆಂದು ಮನಸ್ಸಿನಲ್ಲಿ ಜೋಡಿಸಿಕೊಂಡೆ. ಆದರೆ ಕುತ್ತಿಗೆ ಎಂದಿಗಿಂತ ಹೆಚ್ಚು ಬಿಗಿದಿತ್ತು. ಮೊದಲು ಸ್ವಲ್ಪ ತಿಕ್ಕಿಸಿಕೊಂಡು, ಸಡಿಲ ಮಾಡಿಕೊಂಡು, ಆಮೇಲೆ ನೆಟ್ಟಗೆ ಮುಖ ನೋಡಿ ಮಾತಾಡೋಣವೆಂದು ಹಕೀಮರ ಅಂಗಡಿಗೆ ಹೋದೆ.

ಅವರು ನನ್ನನ್ನು ಬೋರಲು ಮಲಗಿಸಿ, ಬೆನ್ನಿನ ಮೇಲೆ ಮೊಣಕಾಲೂರಿ ತಿಕ್ಕುತ್ತಿದ್ದರು. ಅಂಗಡಿ ಇದ್ದದ್ದು ಬಳಗಾನೂರಿನ ಹಾದಿಯಲ್ಲಿ. ಚಕ್ಕಡಿಯ ಸಪ್ಪಳ ಬಂತು. ಅಂಗಡಿಯ ಮುಂದೆ ನಿಂತಿತು. ನಾನು ಏಳಲು ನೋಡಿದೆ. ಇನ್ನ ಸ್ವಲ್ಪ ತಡೀರಿ ಎಂದು ಹಕೀಮರು ಇನ್ನೂ ಜೋರಾಗಿ ಒತ್ತಿದರು. ಮುಖ ದಿಂಬಿನಲ್ಲಿ ಹುಗಿದುಹೋಯಿತು.

"ಗಟ್ಟ್ಯಾಗಿ ತಿಕ್ರಿ ಹಕೀಮಸಾಬ್," ಎಂದ ಶರಣಪ್ಪ, ಚಕ್ಕಡಿಯ ಮೇಲಿನಿಂದ. "ಭಾಳ ದಿನದಿಂದ ನೋಯಾಕತ್ತೈತಿ ಅವ್ನಿಗೆ. ದಿನಾ ನೋಡೀನಿ."

ಚಕ್ಕಡಿ ಇನ್ನೂ ಸ್ವಲ್ಪ ಹೊತ್ತು ನಿಂತಿತ್ತು. ಜೋಡಿಸಿಕೊಂಡಿದ್ದ ಮಾತುಗಳೆಲ್ಲ ದಿಂಬಿನ ಹತ್ತಿಯೊಳಗೆ ಹೋದವು. ಹಕೀಮರು ಮೊಣಕಾಲು ತೆಗೆದು ನಾನು ಎದ್ದು ಕೂರುವಷ್ಟರಲ್ಲಿ ಹಾದಿಯಲ್ಲಿ ಧೂಳು ಮಾತ್ರ ಇತ್ತು. ಓಡಿದ್ದರೆ ಸಿಗುತ್ತಿತ್ತು. ಎತ್ತಿನ ಬಂಡಿ ಎಷ್ಟು ದೂರ ಹೋಗಿರುತ್ತದೆ? ಆದರೆ ಎಣ್ಣೆ ಬಳಿದುಕೊಂಡ ಬರಿಮೈಯಲ್ಲಿ ಮಾಸ್ತರ ಬಜಾರದಲ್ಲಿ ಓಡುವುದೇ ಎಂದು ಅನಿಸಿತು. ಮರ್ಯಾದೆ ಎಂಬ ಪದಾರ್ಥ ಸರಿಯಾಗಿ ಇಂಥ ಹೊತ್ತಿನಲ್ಲೇ ನೆನಪಾಗುತ್ತದೆ.

ಎರಡು ದಿನದೊಳಗೆ ಕುತ್ತಿಗೆ ನೆಟ್ಟಗಾಯಿತು. ಬಲಕ್ಕೆ, ಎಡಕ್ಕೆ, ಹೇಗೆ ಬೇಕಾದರೂ ಹೊರಳಿತು. ಶಾಲೆಗೆ ಹೋಗುವಾಗ ಬಲಕ್ಕೆ ಹೊರಳಿ ನೋಡಿದೆ, ಬಾಗಿಲಿಗೆ ಬೀಗ. ಬರುವಾಗ ಎಡಕ್ಕೆ ಹೊರಳಿ ನೋಡಿದೆ, ಅದೇ ಬೀಗ. ಗುಣವಾದದ್ದಕ್ಕೆ ನನ್ನಷ್ಟು ಹಳಹಳಿಸಿದ ರೋಗಿ ಆ ಸೀಮೆಯಲ್ಲಿ ಇನ್ನೊಬ್ಬನಿರಲಿಕ್ಕಿಲ್ಲ. ಹಕೀಮರಿಗೆ ಮಾತ್ರ ಹಿಗ್ಗೋ ಹಿಗ್ಗು. ಎಣ್ಣೆಯ ಮೇಲೆ ನಂಬಿಕೆ ಬಾರದವರನ್ನೆಲ್ಲ ನನ್ನ ಹತ್ತಿರ ಕಳಿಸುತ್ತಿದ್ದರು. ನಾನು ಬಾಗಿಲಲ್ಲಿ ನಿಂತು ಕುತ್ತಿಗೆಯನ್ನು ಆ ಕಡೆ ಈ ಕಡೆ ಹೊರಳಿಸಿ ತೋರಿಸುತ್ತಿದ್ದೆ. ಬಂದವರು ತಲೆದೂಗಿ ಎಣ್ಣೆ ಕೊಳ್ಳಲು ಹೋಗುತ್ತಿದ್ದರು. ಬಳಗಾನೂರಿಗೆ ಹೋಗಬೇಕೆಂದು ಪ್ರತಿ ರಜೆಯಲ್ಲೂ ಅಂದುಕೊಂಡೆ. ದೂರವೇನಲ್ಲ, ಮುಂಜಾನೆ ಬಿಟ್ಟರೆ ಹೊತ್ತು ಮುಳುಗುವುದರೊಳಗೆ ಮುಟ್ಟುವ ಊರು. ಒಂದು ಸಲ ಬಿಸಿಲು ಜಾಸ್ತಿ ಎನಿಸಿತು. ಇನ್ನೊಂದು ಸಲ ಇಷ್ಟು ದಿನ ಬಿಟ್ಟು ಹೋದರೆ ಅವನೇನು ತಿಳಿದುಕೊಂಡಾನು ಎನಿಸಿತು.

ಆಮೇಲೆ ಒಂದು ಸಂತೆಯ ದಿನ ಹಕೀಮರು ಕಳಿಸಿದ ರೈತನೊಬ್ಬ ಬಂದ. ನಾನು ರೂಢಿಯಂತೆ ಕುತ್ತಿಗೆ ಹೊರಳಿಸಿ ತೋರಿಸಿದೆ. ಎಣ್ಣೆ ತನಗಲ್ಲವೆಂದು ಅವನು ಹೇಳಿದ. ಯಾರಿಗೆ ಎಂದು ಕೇಳಿದೆ.

"ನಮ್ಮ ಬಳಗಾನೂರು ಸಾಲಿ ಮಾಸ್ತರಿಗ್ರಿ, ಶರಣಪ್ಪ ಮಾಸ್ತರಿಗೆ," ಎಂದ. "ಬಂದಾಗಿಂದ ಕುತ್ತಿಗಿ ಹಿಡದೈತ್ರಿ. ಸಾಲಿ ಬಾಜೂಕ ಮಸ್ಕಿ ದಾರಿ ಐತಿ, ಆ ಕಡಿ ಹೊಳ್ಳಂಗೇ ಇಲ್ರಿ. ಅವ್ರೇನು ಕಳಿಸಿಲ್ಲ, ನಾನೇ ಒಯ್ಯಾಕತ್ತೀನಿ."

ಆ ಎಣ್ಣೆಯಿಂದ ಶರಣಪ್ಪನಿಗೆ ಗುಣವಾಗುವುದಿಲ್ಲವೆಂದು ಎರಡೂ ಊರುಗಳಲ್ಲಿ ನನ್ನಷ್ಟು ಖಾತ್ರಿಯಾಗಿ ಗೊತ್ತಿದ್ದವರು ಯಾರೂ ಇರಲಿಲ್ಲ. ರೈತನ ಚಕ್ಕಡಿ ಬಾಗಿಲಲ್ಲೇ ನಿಂತಿತ್ತು, ಹಿಂದೆ ಒಬ್ಬ ಕೂರುವಷ್ಟು ಜಾಗವೂ ಇತ್ತು. ನೀಲವ್ವ ಒಳಗಿನಿಂದ ನನ್ನ ಟೋಪಿಯನ್ನು ತಂದು ಕೈಯಲ್ಲಿ ಕೊಟ್ಟಳು. ನಾನು ಅದನ್ನು ಹಾಕಿಕೊಂಡು, ಆ ರೈತನನ್ನು ಕರೆದುಕೊಂಡು ಹಕೀಮರ ಅಂಗಡಿಗೆ ಹೋಗಿ, ಇದ್ದುದರಲ್ಲಿ ದೊಡ್ಡ ಶೀಶೆಯನ್ನು ನಾನೇ ಆರಿಸಿ ಕೊಡಿಸಿದೆ. ಚಕ್ಕಡಿ ಹತ್ತಿ ಅವನು ಹಗ್ಗ ಹಿಡಿದ. ಮಾಸ್ತರಿಗೆ ಇನ್ನೇನಾದರೂ ಹೇಳುವುದಿದೆಯೇ ಎಂದು ಕೇಳಿದ.

ಇದೆ ಎಂದೆ. ತಿಕ್ಕಿದ ಕೂಡಲೆ ತಣ್ಣೀರು ಸುರುವಿಕೊಳ್ಳಬಾರದೆಂದು ಹೇಳು ಎಂದೆ.